ಇಬ್ಬರೂ ಒಪ್ಪಿದರೆ

ಸಾಗರದ ಪೇಟೆಯಲ್ಲಿ ನನ್ನದೊಂದು ಹಲ್ಲಿನ ಕ್ಲಿನಿಕ್ ಇದೆ. ದಿನವಿಡೀ ಜನರ ಬಾಯಿ ತೆರೆಸಿ ನೋಡುವುದು ನನ್ನ ಕಸುಬು. ಹಾಗಿದ್ದೂ ಒಡಹುಟ್ಟಿದ ಅಣ್ಣನ ಬಾಯನ್ನು ಹೊತ್ತಿಗೆ ಸರಿಯಾಗಿ ತೆರೆಸಿ ನೋಡಲು ನನ್ನಿಂದ ಆಗಲಿಲ್ಲ. ಅದನ್ನು ಬರೆಯಲು ಕೂತಿದ್ದೇನೆ. ಬರೆದರೆ ಎದೆ ಹಗುರಾಗುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ಹಗುರವೂ ಬೇಡ, ಮಣ್ಣೂ ಬೇಡ. ನಡೆದದ್ದು ನಡೆದ ಹಾಗೆ ಒಂದು ಕಡೆ ಇರಲಿ, ಅಷ್ಟೇ.

ಅಣ್ಣನ ಮನೆ ತೀರ್ಥಹಳ್ಳಿ ದಾಟಿ ಮೇಳಿಗೆ ಕಡೆ. ಅದೇ ನನ್ನ ತವರು. ನಾನು ಡಾಕ್ಟರಾದದ್ದು, ನನ್ನ ಮದುವೆಯಾದದ್ದು, ಮನೆಗೆ ಹೆಂಚು ಹೊದಿಸಿದ್ದು ಎಲ್ಲ ಅಡಿಕೆಯಿಂದ. ಬೆಳೆಗಾರರ ಸಭೆ ಎಲ್ಲಿದ್ದರೂ ಅಣ್ಣನ ಕೈಗೆ ಮೈಕ್ ಬರುತ್ತಿತ್ತು. "ಸಾಯೋದು ತಂಬಾಕಿಂದ, ಹೆಸರು ಕೆಡೋದು ಅಡಿಕೇದು. ಬರೀ ಅಡಿಕೆ ತಿಂದು ಸತ್ತೋರನ್ನ ಒಬ್ರನ್ನ ತೋರ್ಸಿ ನೋಡನ!" ಎನ್ನುತ್ತಿದ್ದ. ಚಪ್ಪಾಳೆಯೋ ಚಪ್ಪಾಳೆ. ತಂಬಾಕನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ. ಅದನ್ನು ಹಾಕುವವರು ಪಕ್ಕದಲ್ಲಿ ಕೂತರೆ ಮೂಗು ಮುರಿದು ಎದ್ದು ಹೋಗುತ್ತಿದ್ದ. ಎಲೆ, ಸುಣ್ಣ, ಅಡಿಕೆ, ಇಷ್ಟೇ ಅವನ ಚಟ. ಆದರೆ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟರೆ ಶುರು, ಮತ್ತೆ ರಾತ್ರಿ ಮಲಗುವ ತನಕ ಕೆನ್ನೆ ಖಾಲಿ ಇರುತ್ತಿರಲಿಲ್ಲ.

ಆ ವರ್ಷ ಭೂಮಿ ಹುಣ್ಣಿಮೆ ಊಟಕ್ಕೆ ಹೋದಾಗ ಅವನ ಎದುರು ಕೂತಿದ್ದೆ. ಕಡುಬನ್ನು ಮುರಿದು ದೊಡ್ಡ ತುತ್ತು ಮಾಡಿ ಬಾಯಿಗೆ ಹಾಕುವ ನಮ್ಮಣ್ಣ ಅವತ್ತು ಅದನ್ನು ಸಾರಿನಲ್ಲಿ ಕಿವುಚಿ, ಚಮಚೆಯಲ್ಲಿ ಅಷ್ಟಷ್ಟೇ ಒಳಗೆ ಬಿಡುತ್ತಿದ್ದ. ಖಾರ ತಾಗಿದಾಗ ಕಣ್ಣಲ್ಲಿ ನೀರು. ಕೈ ತೊಳೆದ ಮೇಲೆ ಜಗುಲಿಗೆ ಕರೆದು "ಬಾಯಿ ತೆಗಿ" ಎಂದೆ. ಒಳ್ಳೆಯ ಬಾಯಾದರೆ ಮೂರು ಬೆರಳು ನಿಲ್ಲಿಸಿ ತೂರಿಸಬಹುದು. ಅವನದರಲ್ಲಿ ಎರಡು ಬೆರಳಿಗೇ ತಿಣುಕಾಟ. ಕೆನ್ನೆಯ ಒಳಗು ಬಿಳಿಚಿ, ಹಗ್ಗ ಹುರಿಗೊಳಿಸಿದ ಹಾಗೆ ಗಟ್ಟಿಯಾಗಿತ್ತು. ಅಡಿಕೆ ಜಗಿಯುವವರಿಗೆ ಬರುವ ಈ ಕಾಯಿಲೆಯನ್ನು ನಾನು ವಾರಕ್ಕೊಂದಾದರೂ ನೋಡುತ್ತೇನೆ. ಇಂಥವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ.

"ಅಡಿಕೆ ಬಿಡಣ್ಣ. ನಾಳೇನೇ ಬಾ, ಟೆಸ್ಟ್ ಮಾಡಿಸನ" ಎಂದೆ.

"ಎಂತ ಮಾರಾಯ್ತಿ, ಹಬ್ಬದ ದಿನ! ವಯಸ್ಸಾತು, ದವಡೆ ಹಿಡ್ಕತ್ತೆ. ಅದಕ್ಕೂ ಅಡಿಕೇನೇ ಸಿಕ್ತಾ ನಿಂಗೆ?"

ಹಿತ್ತಲ ಗಿಡ ಮದ್ದಲ್ಲ. ಸಾಗರ ಪೇಟೆಯ ಜನ ನನ್ನ ಮಾತಿಗೆ ತಲೆ ಬಾಗುತ್ತಾರೆ, ನಮ್ಮನೆಯಲ್ಲಿ ನಾನು ಇನ್ನೂ ಸ್ಲೇಟು ಒಡೆದುಕೊಂಡು ಅಳುತ್ತಾ ಬಂದ ಹುಡುಗಿ. ನಾನು ಕೂಗಾಡಿದೆ. ಅವನೂ ಕೂಗಿದ. ಅತ್ತಿಗೆ ಬಂದು ನಡುವೆ ನಿಂತರು. ಕೊನೆಗೆ ಅಣ್ಣ ಸ್ವಲ್ಪ ತಣ್ಣಗಾಗಿ ಕೇಳಿದ: "ನೀನು ಅದೇನೋ ಯೂನಿವರ್ಸಿಟೀಲಿ ಅಡಿಕೆ ಮೇಲೇ ಓದ್ತಿದೀಯಲ್ಲ, ಅದೆಂತ ಹೇಳ್ತದೆ?"

ಹೌದು, ಓದುತ್ತಿದ್ದೆ. ನಲವತ್ತು ದಾಟಿದ ಮೇಲೆ ಹುಚ್ಚು ಹಿಡಿದು ದೂರದ ವಿಶ್ವವಿದ್ಯಾಲಯವೊಂದಕ್ಕೆ ಪಿಎಚ್‌ಡಿಗೆ ಸೇರಿದ್ದೆ. ತಂಬಾಕಿಲ್ಲದ ಬರೀ ಅಡಿಕೆಯಿಂದ ಬಾಯಿಗೆ ಏನಾಗುತ್ತದೆ ಎಂಬುದರ ಬಗ್ಗೆ ಲೋಕದಲ್ಲಿ ಬಂದಿರುವ ಸಂಶೋಧನೆಗಳನ್ನೆಲ್ಲ ಒಟ್ಟುಮಾಡಿ, ಜಳ್ಳು ತೂರಿ, ಗಟ್ಟಿ ಉಳಿಸಿಕೊಂಡು ಒಂದು ಮಾತು ಹೇಳುವುದು ನನ್ನ ಕೆಲಸ. ಅದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ. ವಿಶ್ವವಿದ್ಯಾಲಯದ ಗ್ರಂಥಾಲಯ ಅದಕ್ಕೆ ಚಂದಾ ಕಟ್ಟಿತ್ತು, ನಮಗೆ ಲಾಗಿನ್ ಕೊಟ್ಟಿತ್ತು. ಸಾಗರದಲ್ಲಿ ಕೂತೇ ತೆರೆಯಬಹುದು. ಪರದೆಯ ಮೇಲೆ ಒಂದೊಂದೇ ಪ್ರಬಂಧದ ಸಾರಾಂಶ ಬರುತ್ತದೆ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ ಎಂದು ಹೇಳಲು ಕೆಳಗೆ ಹೌದು, ಇಲ್ಲ, ಇರಬಹುದು ಎಂಬ ಗುಂಡಿಗಳು. ಓದು, ಒತ್ತು, ಮುಂದೆ ಹೋಗು. ಭತ್ತ ಗೇರುವುದಕ್ಕಿಂತ ಬೇಸರದ ಕೆಲಸ.

ಆದರೆ ಒಬ್ಬರೇ ಒತ್ತುವ ಹಾಗಿಲ್ಲ. ಇಬ್ಬರು ಬೇಕು. ಒಬ್ಬರ ಮತ ಇನ್ನೊಬ್ಬರಿಗೆ ಕಾಣದ ಹಾಗೆ ಸಾಫ್ಟ್‌ವೇರ್ ಮುಚ್ಚಿಡುತ್ತದೆ. ಇಬ್ಬರೂ ಒತ್ತಿದ ಮೇಲೆ, ಒಮ್ಮತ ಇಲ್ಲದವನ್ನು ಭಿನ್ನಮತದ ಪಟ್ಟಿಗೆ ಹಾಕುತ್ತದೆ. ಗ್ರಂಥಪಾಲಕಿ ವಿಡಿಯೊ ಕರೆಯಲ್ಲಿ ಇದನ್ನೆಲ್ಲ ಕಲಿಸುತ್ತಾ, "ಮೇಡಂ, ನೀವಿಬ್ಬರೂ ಇದರ ಬಗ್ಗೆ ಪರಸ್ಪರ ಮಾತಾಡಲೇಬಾರದು" ಎಂದು ಒತ್ತಿ ಹೇಳಿದ್ದರು. ಪಾಪ, ಅವರು ಬೆಂಗಳೂರಿನವರು. ಪರಸ್ಪರ ಮಾತಾಡದ ಇಬ್ಬರು ಅಕ್ಕತಂಗಿಯರನ್ನು ನಮ್ಮ ಸೀಮೆಯಲ್ಲಿ ಹುಡುಕಿ ಕೊಟ್ಟರೆ ನಾನೇ ಅವರ ಕಾಲಿಗೆ ಬೀಳುತ್ತೇನೆ.

ನಾನು ಆರಿಸಿಕೊಂಡ ಎರಡನೆಯವಳು ನನ್ನ ಚಿಕ್ಕಪ್ಪನ ಮಗಳು. ಅವಳೂ ಹಲ್ಲಿನ ಡಾಕ್ಟರು, ಹೊಸನಗರದಲ್ಲಿ ಕ್ಲಿನಿಕ್ಕು. ಚಿಕ್ಕಪ್ಪ ತೀರಿಕೊಂಡಾಗ ಅವಳು ಬಾಲವಾಡಿಗೆ ಹೋಗುವ ಮಗು. ಅಲ್ಲಿಂದ ಬೆಳೆದದ್ದೆಲ್ಲ ಅಣ್ಣನ ಮನೆಯಲ್ಲಿ, ಅಣ್ಣನ ಹೆಗಲ ಮೇಲೆ. ಅವಳ ಬುದ್ಧಿ ಚುರುಕು. ಅದಕ್ಕೇ ಕೇಳಿದ್ದೆ.

ಇಷ್ಟನ್ನೂ ಜಗುಲಿಯಲ್ಲಿ ಅಣ್ಣನಿಗೆ ಹೇಳಿದೆ. ಅವನಿಗೆ ಈ ಇಬ್ಬರ ಪದ್ಧತಿ ಭಾರೀ ಹಿಡಿಸಿತು. ಊರಿನ ಪಂಚಾಯ್ತಿಗಳಲ್ಲಿ ಕೂತು ತೀರ್ಮಾನ ಹೇಳಿದವನು ಅವನು. "ಅದು ಸರಿ ಮತ್ತೆ! ಒಬ್ರ ಮಾತು ಮಾತಲ್ಲ. ನೀನು ಮೊದಲಿಂದ್ಲೂ ಅಡಿಕೆ ಮೇಲೆ ಹಗೆ ಇಟ್ಕಂಡೋಳು, ನಿನ್ನೊಬ್ಬಳ ಮಾತು ನಾ ಕೇಳದಿಲ್ಲ. ಅವಳೂ ಓದ್ಲಿ. ನೀವಿಬ್ರೂ ಒಪ್ಪಿ, ತಂಬಾಕಲ್ಲ, ಬರೀ ಅಡಿಕೇನೇ ಅಂದ್ರೆ ಸಿಗಂದೂರು ಚೌಡಮ್ಮನ ಆಣೆ, ಅವತ್ತಿಗೇ ಬಿಟ್ಟೆ. ನೀ ಹೇಳಿದಲ್ಲಿ ಬಂದು ಟೆಸ್ಟಿಗೂ ಕೂರ್ತೀನಿ. ಅಲ್ಲೀವರೆಗೆ ನನ್ನ ಬಾಯಿ ಸುದ್ದಿಗೆ ಬರ್ಬೇಡ."

ಚೌಡಮ್ಮನ ಆಣೆ ಹಾಕಿ ತಪ್ಪಿದವರು ನಮ್ಮ ಕಡೆ ಇಲ್ಲ. ಅಣ್ಣನಂತೂ ಆಡಿದ ಮಾತಿಗೆ ತಲೆ ಕೊಡುವವನು. ನನಗೆ ಖುಷಿಯೇ ಆಯಿತು, ನಿಜ ಹೇಳುತ್ತೇನೆ. ಫಲಿತಾಂಶ ಏನು ಬರುತ್ತದೆಂದು ನನಗೆ ಅನುಮಾನ ಇರಲಿಲ್ಲ. ಬೇಗ ಮುಗಿಸಿದರೆ ಅಣ್ಣ ಉಳಿದ ಎಂದು ಲೆಕ್ಕ ಹಾಕಿಕೊಂಡು ಸಾಗರದ ಬಸ್ಸು ಹತ್ತಿದೆ.

ಮರುದಿನದಿಂದ ದೆವ್ವ ಹೊಕ್ಕವಳ ಹಾಗೆ ಒತ್ತಿದೆ. ಒಬ್ಬ ರೋಗಿಯ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವುದರೊಳಗೆ ಎರಡು ಸಾರಾಂಶ. ಗಂಡ "ಊಟ" ಎಂದರೆ "ಇದೊಂದು" ಎನ್ನುವುದು. ನನ್ನ ಪಾಲು ಮುಗಿಯಿತು. ಅವಳದ್ದು ಮುಗಿಯಲೇ ಇಲ್ಲ. ಪರದೆಯ ಮೇಲೆ ಅವಳ ಹೆಸರಿನ ಪಕ್ಕದ ಪಟ್ಟಿ ಆಮೆಯ ಹಾಗೆ ತೆವಳುತ್ತಿತ್ತು. ಫೋನ್ ಮಾಡಿದರೆ "ಕರೆಂಟಿಲ್ಲ ಅಕ್ಕ", "ನೆಟ್ವರ್ಕಿಲ್ಲ ಅಕ್ಕ", "ಪೇಷಂಟು ಜಾಸ್ತಿ ಅಕ್ಕ". ಹೊಸನಗರದಲ್ಲಿ ಕರೆಂಟಿಲ್ಲ ಎಂದರೆ ಯಾರು ಸುಳ್ಳೆನ್ನುತ್ತಾರೆ? ನಂಬಿದೆ. ಅಷ್ಟರಲ್ಲಿ ಅಡಿಕೆ ಕೊಯ್ಲು ಮುಗಿಯಿತು, ಸುಲಿದಾಯಿತು, ಒಣಗಿದ್ದೂ ಆಯಿತು. ಅತ್ತಿಗೆಯ ಹತ್ತಿರ ಫೋನಿನಲ್ಲಿ ಕೇಳಿದರೆ "ಈಗ ಗಂಜಿ ಕುಡೀತಾರೆ ಕಣೆ, ಅನ್ನ ಆಗದಿಲ್ಲ" ಎನ್ನುತ್ತಿದ್ದರು.

ಅಂತೂ ಬೇಸಿಗೆ ಕಾಲಿಡುವ ಹೊತ್ತಿಗೆ ಅವಳು ಮುಗಿಸಿದಳು. ಭಿನ್ನಮತದ ಪಟ್ಟಿ ತೆರೆದೆ. ಅಲ್ಲೊಂದು ಇಲ್ಲೊಂದು ಇರುತ್ತದೆ ಎಂದುಕೊಂಡಿದ್ದೆ. ಉರುಳಿಸಿದೆ, ಉರುಳಿಸಿದೆ, ಮುಗಿಯಲಿಲ್ಲ. ತಂಬಾಕನ್ನು ದೂರುವ ಪ್ರಬಂಧಕ್ಕೆಲ್ಲ ಅವಳು ಹೌದು ಒತ್ತಿದ್ದಳು. ಬರೀ ಅಡಿಕೆಯನ್ನು ದೂರುವುದಕ್ಕೆಲ್ಲ ಇಲ್ಲ, ಇಲ್ಲ, ಇಲ್ಲ. ಪ್ರತಿ ಇಲ್ಲಕ್ಕೂ ಅವಳು ಬರೆದ ಕಾರಣ ಒಂದೇ: ಇವರು ತಂಬಾಕು ಹಾಕುತ್ತಿರಲಿಲ್ಲ ಎಂಬುದಕ್ಕೆ ಖಾತ್ರಿ ಇಲ್ಲ. ಹಾಕುತ್ತಿರಲಿಲ್ಲ ಎಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಅದೇ ಕಾರಣ. ನನ್ನ ಮೈ ಉರಿದುಹೋಯಿತು.

ಕ್ಲಿನಿಕ್ ಮುಚ್ಚಿ ಕಾರು ತೆಗೆದುಕೊಂಡು ಸೀದಾ ಹೊಸನಗರಕ್ಕೆ ಹೋದೆ. ಮಾತಾಡಬಾರದು ಎಂಬ ನಿಯಮವನ್ನು ದಾರಿಯ ಮೇಲೆ ಬಿಸಾಕಿದೆ. ಅವಳು ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಿದ್ದಳು.

"ಓದಿದ್ಯೋ ಇಲ್ಲಾ ಕಣ್ಮುಚ್ಚಿ ಒತ್ತಿದ್ಯೋ?" ಎಂದೆ.

"ಓದಿದೀನಿ ಅಕ್ಕ."

"ಮತ್ತೆಂತ ಇದು? ಮೊದಲ ವರ್ಷದ ಮಕ್ಕಳಿಗೂ ಗೊತ್ತಿರೋ ವಿಷ್ಯ. ನಿನ್ನ ಪೇಷಂಟುಗಳಿಗೆ ನೀನೇ ಹೇಳ್ತೀಯಲ್ಲ ಅಡಿಕೆ ಬಿಡಿ ಅಂತ!"

"ಪೇಷಂಟಿಗೆ ಹೇಳೋದು ಬೇರೆ. ಇದು ಅಚ್ಚಾಗೋದು. ನನ್ನ ಹೆಸರು ಇರ್ತದೆ. ಅಣ್ಣ ಮೈಕ್ ಹಿಡ್ದು ಅಡಿಕೆ ಪರ ಮಾತಾಡ್ತಾನೆ, ಅವನು ಸಾಕಿದ ಹುಡುಗಿ ಅಡಿಕೆ ವಿಷ ಅಂತ ಬರೀತಾಳೆ. ಅವನು ಯಾವ ಮುಖ ಹೊತ್ಕಂಡು ಸಭೆಗೆ ಹೋಗ್ಬೇಕು?" ಅವಳು ಡಬ್ಬಿ ಮುಚ್ಚಿದಳು. "ಉಂಡ ಮನೆಗೆ ಎರಡು ಬಗೆಯೋದು ನನ್ನಿಂದ ಆಗದಿಲ್ಲ ಅಕ್ಕ. ಪ್ರತಿ ಸಲ ಹೌದು ಒತ್ತಕ್ಕೆ ಹೋದಾಗ ಅವನ ಮುಖಾನೇ ಬರ್ತದೆ."

"ಅಯ್ಯೋ ಪಾಪಿ, ಅವನು ಉಳೀಬೇಕಾದ್ರೆ ನೀನು ಒಪ್ಬೇಕು! ನೀನು ಒಪ್ಪಿದ್ರೆ ಬಿಡ್ತೀನಿ ಅಂದಿದಾನೆ!"

"ನಂಗೂ ಹೇಳಿದಾನೆ. ಫೋನ್ ಮಾಡಿದ್ದ. 'ಅಕ್ಕ ಹೆಂಗೂ ಅಡಿಕೆ ಅಂತಾಳೆ. ನೀನು ಸರಿಯಾಗಿ ನೋಡು ಪುಟ್ಟಿ, ನಿನ್ನ ಮೇಲೆ ನಂಬಿಕೆ ಇದೆ' ಅಂದ. ಅದರರ್ಥ ಎಂತ ಅಂತ ನೀನೇ ಹೇಳು."

ಅದರರ್ಥ ನನಗೂ ಗೊತ್ತಾಯಿತು. ಚೌಡಮ್ಮನ ಆಣೆ ಹಾಕಿದವನು ಒಳಗೊಳಗೇ ಬಾಗಿಲು ಭದ್ರ ಮಾಡಿಕೊಂಡಿದ್ದ. ಸಾಯುವ ಭಯಕ್ಕಿಂತ ಅಡಿಕೆಯ ಹೆಸರು ಕೆಡುವ ಭಯ ಅವನಿಗೆ ಹೆಚ್ಚು. ನಾನು ಬೈದೆ, ಅತ್ತೆ, ಅವನ ಕೆನ್ನೆ ಹೇಗಿದೆ ಎಂದು ಬಿಡಿಸಿ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. "ನೀನು ಹೆದರಿಸೋಕೆ ಹೇಳ್ತೀಯ ಅಂತ ಅಣ್ಣ ಮೊದಲೇ ಹೇಳಿದಾನೆ" ಎಂದಳು.

ಭಿನ್ನಮತ ಬಂದರೆ ಮೂರನೆಯವರು ತೀರ್ಮಾನ ಮಾಡಬಹುದು, ಸಾಫ್ಟ್‌ವೇರಿನಲ್ಲಿ ಅದಕ್ಕೂ ದಾರಿ ಇದೆ. ನನ್ನ ಗೈಡ್ ಮಾಡಿಕೊಡುತ್ತೇನೆ ಎಂದರು. ಅಣ್ಣನಿಗೆ ಫೋನ್ ಮಾಡಿ ಹೇಳಿದರೆ "ಮೂರನೇರು ಯಾರು? ನಮ್ಮೋರಾ?" ಎಂದ. ಅಲ್ಲ ಎಂದೆ. "ಹಂಗಾರೆ ಆಗದಿಲ್ಲ. ನೀವಿಬ್ರು ಅಂತ ಮಾತಾಗಿದೆ" ಎಂದು ಇಟ್ಟುಬಿಟ್ಟ. ಮಾತೇನೋ ಕೇಳಿಸಿತು, ಆದರೆ ತುಟಿ ಅಲ್ಲಾಡದೆ ಹಲ್ಲಿನ ಸಂದಿಯಿಂದ ಬಂದ ಮಾತು.

ಯುಗಾದಿ ಕಳೆದು ಸ್ವಲ್ಪ ದಿನವಾಗಿತ್ತು. ಮಧ್ಯಾಹ್ನ ತಂಗಿಯ ಫೋನು. ಬಿಕ್ಕುತ್ತಲೇ ಹೇಳಿದಳು. ಅಣ್ಣ ಅವಳ ಕ್ಲಿನಿಕ್ಕಿಗೆ ಬಂದಿದ್ದನಂತೆ. ಹಲ್ಲುನೋವು, ನನ್ನ ಹತ್ತಿರ ಬಂದರೆ ಬೈಗುಳ ಎಂದು ಅಲ್ಲಿಗೆ ಹೋಗಿದ್ದ. ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ಒಳಗೆ ಹಾಕಲು ಹೋದರೆ ಅದು ಹಲ್ಲಿಗೆ ತಾಗಿ ಅಲ್ಲೇ ನಿಂತಿತಂತೆ. ಹೇಗೋ ಕೆನ್ನೆ ಎಳೆದು ಟಾರ್ಚು ಬಿಟ್ಟು ನೋಡಿದ್ದಾಳೆ. ಹಿಂದಿನ ದವಡೆಹಲ್ಲಿನ ಪಕ್ಕ ಅಂಚು ಎದ್ದು ನಿಂತ ಹುಣ್ಣು.

"ನೀ ಹೇಳಿದ್ದಕ್ಕಿಂತ ಜಾಸ್ತಿ ಆಗಿದೆ ಅಕ್ಕ. ನಾ ಟಾರ್ಚು ಆರಿಸ್ಬಿಟ್ಟೆ. ಅವನು 'ಎಂತ ಪುಟ್ಟಿ?' ಅಂದ. ಏನಿಲ್ಲ ಅಂದೆ. ಮಾತ್ರೆ ಕೊಟ್ಟು ಕಳಿಸ್ದೆ."

"ಕಳಿಸಿದ್ಯಾ?"

"ಎಂತ ಹೇಳ್ಲಿ? ಈಗ ಕೂತು ಎಲ್ಲ ಬದಲಾಯಿಸ್ತಾ ಇದೀನಿ. ಎಲ್ಲದಕ್ಕೂ ಹೌದು ಹಾಕ್ತಾ ಇದೀನಿ. ನಾಳೆ ಬೆಳಿಗ್ಗೆ ಹೋಗಿ ಇಬ್ರೂ ಹೇಳನ."

ನಾನು ಲಾಗಿನ್ ಆಗಿ ನೋಡಿದೆ. ನನ್ನ ಕಣ್ಣೆದುರೇ ಭಿನ್ನಮತದ ಪಟ್ಟಿ ಕರಗುತ್ತಿತ್ತು. ತಿಂಗಳುಗಟ್ಟಲೆ ಬೇಡಿಕೊಂಡಿದ್ದ ಆ ಹೌದುಗಳು ಒಂದರ ಹಿಂದೆ ಒಂದು ಬಂದು ಬೀಳುತ್ತಿದ್ದವು. ನೋಡಲಾಗದೆ ಲ್ಯಾಪ್‌ಟಾಪ್ ಮುಚ್ಚಿದೆ.

ಆ ಸಂಜೆಯೇ ಗ್ರಂಥಪಾಲಕಿಗೆ ಫೋನ್ ಮಾಡಿ, ಫಲಿತಾಂಶದ ಪುಟವನ್ನು ಅಚ್ಚು ತೆಗೆಯುವುದು ಹೇಗೆಂದು ಕೇಳಿದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿದರು. "ಮೇಡಂ, ಎರಡನೆಯವರ ಅಷ್ಟೂ ಮತ ಇವತ್ತು ಮಧ್ಯಾಹ್ನ ಬದಲಾಗಿದೆಯಲ್ಲ. ನೀವಿಬ್ಬರೂ ಮಾತಾಡಿದಿರಾ?"

"ಮಾತಾಡಿದ್ವಿ."

"ಹಾಗಾದರೆ ಇದು ನಿಲ್ಲುವುದಿಲ್ಲ ಮೇಡಂ. ಪಕ್ಷಪಾತ ಆಯಿತು. ಬೇರೆ ಎರಡನೆಯವರನ್ನು ಇಟ್ಟುಕೊಂಡು ಮೊದಲಿನಿಂದ ಮಾಡಬೇಕಾಗುತ್ತದೆ."

ಅವರ ತಪ್ಪೇನಿಲ್ಲ, ಸರಿಯಾಗಿಯೇ ಹೇಳಿದರು. ಪಕ್ಷಪಾತವಂತೆ! ಇವಳು ಸುಳ್ಳುಸುಳ್ಳೇ ಇಲ್ಲ ಎಂದು ಒತ್ತುತ್ತಾ ಕೂತಾಗ ಎಲ್ಲ ನಿಯಮದ ಪ್ರಕಾರ ನಡೆಯುತ್ತಿತ್ತು. ಅಣ್ಣನ ಬಾಯಿ ನೋಡಿ ಸತ್ಯ ಒತ್ತಿದಾಗ ಪಕ್ಷಪಾತ. "ಪಿಎಚ್‌ಡಿ ಹಾಳಾಗಿ ಹೋಗ್ಲಿ, ಅಚ್ಚು ತೆಗೆಯೋದು ಹೇಗೆ ಹೇಳಿ" ಎಂದೆ. ಪಾಪ, ಹೇಳಿಕೊಟ್ಟರು.

ಮರುದಿನ ಇಬ್ಬರೂ ಮೇಳಿಗೆ ಕಡೆ ಹೋದೆವು. ಅಣ್ಣ ಕನ್ನಡಕ ಹಾಕಿಕೊಂಡು ಕಾಗದ ತಿರುವಿದ. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೇ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವಳ ಕಡೆ ತಿರುಗಿದ.

"ನೀನೂ ಒಪ್ತೀಯಾ ಪುಟ್ಟಿ?"

"ಹೌದಣ್ಣ."

"ಓದಿ ಒಪ್ದ್ಯಾ, ನನ್ನ ನೋಡಿ ಒಪ್ದ್ಯಾ?"

ಅವಳು ತಲೆ ತಗ್ಗಿಸಿದಳು. "ಓದಿದಾಗ್ಲೇ ಗೊತ್ತಿತ್ತು ಅಣ್ಣ. ನಿನ್ನ ನೋಡಿದ ಮೇಲೆ ಒಪ್ದೆ."

ಅಣ್ಣ ಅವಳ ತಲೆ ಮೇಲೆ ಕೈ ಇಟ್ಟ. ಬೈಯಲಿಲ್ಲ. ಆಮೇಲೆ ಅಂಗಳಕ್ಕಿಳಿದು ಬಾಯಲ್ಲಿದ್ದದ್ದನ್ನು ಉಗಿದು, ನೀರು ಮುಕ್ಕಳಿಸಿ ಬಂದು, "ಇವತ್ತಿಂದ ನಂಗೆ ಎಲೆಅಡಿಕೆ ಇಡ್ಬೇಡ" ಎಂದು ಅತ್ತಿಗೆಗೆ ಹೇಳಿದ. ಆಡಿದ ಮಾತಿಗೆ ತಪ್ಪಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅವನು ಅಡಿಕೆ ಮುಟ್ಟಿಲ್ಲ. ಅದು ಅವನ ದೊಡ್ಡತನ. ಆದರೆ ಹುಣ್ಣಿಗೆ ಯಾರ ದೊಡ್ಡತನವೂ ಗೊತ್ತಾಗುವುದಿಲ್ಲ.

ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ನಾನು ಹೆದರಿದ್ದೇ ಬಂತು. ಕೆಳದವಡೆಯ ಒಂದು ಪಕ್ಕ, ನಾಲಗೆಯ ಮುಕ್ಕಾಲು ಭಾಗ ತೆಗೆದರು. ಆಪರೇಷನ್ ಮಾಡಿದ ಡಾಕ್ಟರು ನನ್ನ ಕಸುಬಿನವರೇ ಎಂದು ಹೊರಗೆ ಕರೆದು, "ನೀವೇ ಮನೆಯಲ್ಲಿದ್ದೂ ಇಷ್ಟು ತಡವಾಗಿ ಬಂದಿರಲ್ಲ" ಎಂದರು. ಇಬ್ಬರೂ ಒಪ್ಪುವುದಕ್ಕೆ ಕಾಯುತ್ತಿದ್ದೆವು ಎನ್ನಲೇ? ತಂಗಿ ಅವತ್ತಿನಿಂದ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ನಾನೂ ಮಾತಾಡಿಸುವುದಿಲ್ಲ. ಒಬ್ಬರ ಮುಖ ನೋಡಿದರೆ ಇನ್ನೊಬ್ಬರಿಗೆ ಅಳು ಬರುತ್ತದೆ.

ಅಣ್ಣ ಮನೆಗೆ ಬಂದ ಮೇಲೆ ನೋಡಲು ಜನ ಬಂದರು. ಮಾತಿಲ್ಲ ಅವನಿಗೆ. ಮೂಗಿನ ನಳಿಕೆಯಲ್ಲಿ ಗಂಜಿ. ಏನಾದರೂ ಹೇಳಬೇಕಾದರೆ ಮಕ್ಕಳ ಬಿಳಿ ಹಲಗೆಯ ಮೇಲೆ ಬರೆದು ತೋರಿಸುತ್ತಾನೆ. ಒಂದು ದಿನ ನಾನಿದ್ದಾಗಲೇ ಮೂರು ಜನ ಹಿರಿಯರು ಜೀಪಿನಲ್ಲಿ ಬಂದರು. ಅಣ್ಣನ ಜೊತೆ ವೇದಿಕೆ ಮೇಲೆ ಕೂತವರು, ಅವನ ಮಾತಿಗೆ ಮೊದಲು ಚಪ್ಪಾಳೆ ತಟ್ಟುತ್ತಿದ್ದವರು. ಕಾಫಿ ಆಯಿತು. ಬಂದವರಿಗೆ ಎಲೆಅಡಿಕೆ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅತ್ತಿಗೆ ನನ್ನ ಮುಖ ನೋಡಿದರು, ಆಮೇಲೆ ಕಣ್ಣು ತಪ್ಪಿಸಿ ತಟ್ಟೆ ತಂದಿಟ್ಟರು. ಮೂವರೂ ಎಲೆಗೆ ಸುಣ್ಣ ಹಚ್ಚಿದರು. ಅಣ್ಣ ಮಂಚದ ಮೇಲೆ ದಿಂಬಿಗೆ ಒರಗಿ ಅವರ ಕೈಯನ್ನೇ ನೋಡುತ್ತಿದ್ದ.

"ಇಂಥೋನಿಗೆ ಇದು ಹೆಂಗೆ ಬಂತು ಮಾರಾಯ್ರೆ!" ಎಂದರು ಅವರಲ್ಲಿ ಹಿರಿಯರು.

"ಅಡಿಕೆಯಿಂದ ಬಂತು" ಎಂದೆ ನಾನು. "ಬೇರೆ ಯಾವ್ದರಿಂದ್ಲೂ ಅಲ್ಲ. ಅವನಿಗೇ ಗೊತ್ತಿದೆ, ಕೇಳಿ."

ಜಗಿಯುತ್ತಿದ್ದವರು ಒಂದು ಗಳಿಗೆ ನಿಲ್ಲಿಸಿದರು. ಆಮೇಲೆ ಹಿರಿಯರು ನನ್ನ ಕಡೆ ಕರುಣೆಯಿಂದಲೇ ನೋಡಿದರು. "ನೀನು ಓದ್ದೋಳು ತಾಯಿ, ಇಲ್ಲ ಅನ್ನದಿಲ್ಲ. ಆದ್ರೆ ಬರೀ ಅಡಿಕೆಗೆ ಹಿಂಗಾಗದಿಲ್ಲ. ಕದ್ದು ಹೊಗೆಸೊಪ್ಪು ಹಾಕ್ತಿದ್ದ ಅನ್ನಿಸ್ತದೆ. ಗಂಡಸ್ರು ಇದ್ನೆಲ್ಲ ಮನೇಲಿ ಹೇಳದಿಲ್ಲ."

ಉಳಿದಿಬ್ಬರೂ ಹೌದು ಹೌದು ಎಂದರು. ಅವರಿಗೆ ಸಮಾಧಾನವಾದದ್ದು ಮುಖದಲ್ಲೇ ಕಾಣುತ್ತಿತ್ತು.

ಅಣ್ಣ ತಲೆ ಅಲ್ಲಾಡಿಸಿದ. ಅಲ್ಲ, ಅಲ್ಲ ಎಂದು ಅಲ್ಲಾಡಿಸಿದ. ಗಂಟಲಿನಿಂದ ಏನೋ ಸದ್ದು ಬಂತು, ಜೊಲ್ಲು ಇಳಿದು ಎದೆಯ ಮೇಲಿನ ಟವೆಲ್ಲು ನೆನೆಯಿತು. ಹಲಗೆ ಬೇಕೆಂದು ಕೈ ಚಾಚಿದ. ಹಲಗೆ ಒಳಕೋಣೆಯಲ್ಲಿತ್ತು, ಅತ್ತಿಗೆ ಓಡಿದರು.

"ನೋವು ಅಂತ ಕಾಣ್ತದೆ, ಪಾಪ. ಮಲಗಿಸ್ಬಿಡಿ" ಎಂದು ಹಿರಿಯರು ಎದ್ದರು. ಮೂವರೂ ಅಣ್ಣನ ಕೈ ಮುಟ್ಟಿ, ಧೈರ್ಯವಾಗಿರು ಎಂದು ಹೇಳಿ ಅಂಗಳಕ್ಕಿಳಿದರು. ಅತ್ತಿಗೆ ಹಲಗೆ ತರುವಷ್ಟರಲ್ಲಿ ಜೀಪು ಹೊರಟಿತ್ತು. ಅಣ್ಣ ಇನ್ನೂ ತಲೆ ಅಲ್ಲಾಡಿಸುತ್ತಲೇ ಇದ್ದ.